ಚುಕ್ಕಿ ಯಾರದು: ಪ್ರಾಥಮಿಕ ಶಾಲೆಯ ಮಕ್ಕಳಿಗೆ ತಮ್ಮ ಬರಹದ ಲೇಖನ ಚಿಹ್ನೆಗಳನ್ನು ತಾವೇ ತಿದ್ದಲು ಕಲಿಸುವ ಸಮಗ್ರ ಮಾರ್ಗದರ್ಶಿ

ಕಲಬುರಗಿ ಜಿಲ್ಲೆಯ ಚಿತ್ತಾಪುರ ತಾಲ್ಲೂಕಿನ ಹಳ್ಳಿಯೊಂದರ ಸರ್ಕಾರಿ ಶಾಲೆಯಲ್ಲಿ ನಾಲ್ಕು ಮತ್ತು ಐದನೆಯ ತರಗತಿಗಳಿಗೆ ಕನ್ನಡ, ಇಂಗ್ಲಿಷ್ ಎರಡನ್ನೂ ಕಲಿಸುವ ನಾನು, ಕೆಲಸಕ್ಕೆ ಸೇರಿದ ಹೊಸದರಲ್ಲಿ ಮಕ್ಕಳು ಬಿಟ್ಟ ಪೂರ್ಣವಿರಾಮ, ಅಲ್ಪವಿರಾಮಗಳನ್ನೆಲ್ಲ ಕೆಂಪು ಪೆನ್ನಿನಿಂದ ನಾನೇ ಹಾಕಿ, ಇನ್ನೊಮ್ಮೆ ನೀಟಾಗಿ ಬರೆದು ತರುವಂತೆ ಹೇಳಿ ಕಾಪಿ ಹಿಂದಿರುಗಿಸುತ್ತಿದ್ದೆ. ಒಂದು ದಿನ ನಾಲ್ಕನೆಯ ತರಗತಿಯ ಹುಡುಗಿಯೊಬ್ಬಳು ಕಾಪಿ ಹಿಡಿದುಕೊಂಡು ಬಂದು, “ಸರ್, ಚುಕ್ಕಿ ಕೆಂಪು ಪೆನ್ನಿಲೇ ಇಡಬೇಕೇನ್ರೀ?” ಎಂದು ಕೇಳಿದಳು. ಅಕ್ಷರ ತನ್ನದು, ಚುಕ್ಕಿ ಮಾತ್ರ ಸರ್‌ದು ಎಂದು ಅವಳು ತಿಳಿದಿದ್ದಳು. ಹಾಗೆ ತಿಳಿಯುವಂತೆ ಮಾಡಿದ್ದು ನನ್ನ ತಿದ್ದುವ ರೀತಿಯೇ ಆಗಿತ್ತು. ಆ ಪ್ರಶ್ನೆಯ ನಂತರ ನಾನು ಮಾಡಿಕೊಂಡ ಬದಲಾವಣೆಗಳನ್ನು, ಬೇರೆ ಶಾಲೆಯ ಶಿಕ್ಷಕರಿಗೂ ಮನೆಯಲ್ಲಿ ಮಕ್ಕಳ ಓದು ನೋಡುವ ತಂದೆತಾಯಿಗಳಿಗೂ ಬಳಸಲು ಬರುವಂತೆ ಇಲ್ಲಿ ಕ್ರಮವಾಗಿ ಬರೆದಿದ್ದೇನೆ.

ಆರಂಭಿಸುವ ಮುನ್ನ

ಮೂರನೆಯ ತರಗತಿಯ ಎರಡನೆಯ ಅರ್ಧವರ್ಷದಿಂದ ಈ ಕೆಲಸವನ್ನು ಆರಂಭಿಸಬಹುದು. ಚಟುವಟಿಕೆಗಳ ಮೂಲಕ ಕಲಿಸುವ, ಒಂದರಿಂದ ಮೂರರವರೆಗಿನ ನಲಿ-ಕಲಿ ತರಗತಿಗಳಲ್ಲಿ ಮಗು ಇನ್ನೂ ಒತ್ತಕ್ಷರ, ಗುಣಿತಾಕ್ಷರಗಳೊಡನೆ ಹೆಣಗುತ್ತಿರುತ್ತದೆ. ಆಗ ಪೂರ್ಣವಿರಾಮವೊಂದನ್ನು ಗುರುತಿಸಿದರೆ ಸಾಕು. ನಾಲ್ಕು ಮತ್ತು ಐದನೆಯ ತರಗತಿಗೆ ವಾರಕ್ಕೆ 40 ನಿಮಿಷದ ಒಂದು ಅವಧಿಯನ್ನು ತಿದ್ದುವುದಕ್ಕೆಂದೇ ಮೀಸಲಿಡಬೇಕು ಮತ್ತು ಆ ಅವಧಿಯಲ್ಲಿ ಹೊಸದಾಗಿ ಏನನ್ನೂ ಬರೆಸಬಾರದು.

ಬರೆಯುವ ದಿನವೇ ತಿದ್ದಿಸಬಾರದು ಎಂಬುದು ನಾನು ಕಟ್ಟುನಿಟ್ಟಾಗಿ ಪಾಲಿಸುವ ನಿಯಮ. ಈಗತಾನೇ ಬರೆದದ್ದನ್ನು ಮಗು ಕಣ್ಣಿನಿಂದ ಓದುವುದಿಲ್ಲ, ನೆನಪಿನಿಂದ ಓದುತ್ತದೆ. ಹಾಳೆಯ ಮೇಲೆ ಇಲ್ಲದ ಚುಕ್ಕಿ ಮನಸ್ಸಿನಲ್ಲಿ ಇರುವುದರಿಂದ ಅದಕ್ಕೆ ಕೊರತೆ ಕಾಣುವುದಿಲ್ಲ. ಸೋಮವಾರ ಬರೆಸಿದರೆ ಬುಧವಾರ ತಿದ್ದಿಸಿ. ಬರೆಯುವಾಗ ಒಂದು ಸಾಲು ಬಿಟ್ಟು ಒಂದು ಸಾಲಿನಲ್ಲಿ ಬರೆಯಲು ಹೇಳಿ, ಎಡಗಡೆ ಎರಡು ಬೆರಳಗಲ ಜಾಗ ಬಿಡಿಸಿ, ತಿದ್ದುವ ದಿನ ಹಸಿರು ಅಥವಾ ನೀಲಿ ಬಣ್ಣದ ಪೆನ್ಸಿಲ್ ಕೊಡಿ. ರಬ್ಬರ್ ಅನ್ನು ಅಂದು ಚೀಲದೊಳಗೇ ಇರಿಸಬೇಕು, ಏಕೆಂದರೆ ಅಳಿಸಿಹೋದ ತಪ್ಪು ಮಗುವಿಗೂ ಕಾಣದು, ಮುಂದಿನ ಪಾಠವನ್ನು ಯೋಜಿಸಬೇಕಾದ ಶಿಕ್ಷಕರಿಗೂ ಕಾಣದು.

ಎಲ್ಲ ಚಿಹ್ನೆಗಳನ್ನು ಒಂದೇ ದಿನ ಹುಡುಕಿಸುವುದರಿಂದ ಮಗು ಯಾವುದನ್ನೂ ಹುಡುಕದಂತಾಗುತ್ತದೆ. ಮೊದಲ ಒಂದು ತಿಂಗಳು ಪೂರ್ಣವಿರಾಮ ಮಾತ್ರ. ಅನಂತರ ಪ್ರಶ್ನಾರ್ಥಕ ಚಿಹ್ನೆ, ಆಮೇಲೆ ಅಲ್ಪವಿರಾಮ, ಕೊನೆಗೆ ಉದ್ಧರಣ ಚಿಹ್ನೆ. ಅರ್ಧವಿರಾಮ, ಆವರಣ, ವಾಕ್ಯವೇಷ್ಟನ (‘ ’) ಚಿಹ್ನೆಗಳು ಪಠ್ಯಪುಸ್ತಕದಲ್ಲಿ ಬಂದಾಗ ಗುರುತಿಸಿದರೆ ಸಾಕು, ಈ ವಯಸ್ಸಿನಲ್ಲಿ ಅವುಗಳನ್ನು ತಿದ್ದಿಸುವ ಅಗತ್ಯವಿಲ್ಲ.

ಪಾಠಕ್ಕೆ ಬೇಕಾದ ಒಂದು ಬರಹ

ಯಾವುದೇ ಮಗುವಿನ ತಪ್ಪನ್ನು ಬೋರ್ಡಿನ ಮೇಲೆ ಬರೆದು ಎಲ್ಲರ ಮುಂದೆ ತಿದ್ದಬಾರದು. ಅದರ ಬದಲು ಮಕ್ಕಳು ಬರೆಯುವಂತೆಯೇ ಶಿಕ್ಷಕರು ಒಂದು ಚಿಕ್ಕ ಬರಹ ರಚಿಸಿಕೊಳ್ಳಬೇಕು. ನಮ್ಮ ಭಾಗದ ಮಕ್ಕಳಿಗೆ ಎಳ್ಳಮಾವಾಸ್ಯೆಗಿಂತ ಹತ್ತಿರದ ವಿಷಯ ಇನ್ನೊಂದಿಲ್ಲವಾದ್ದರಿಂದ, ಅಂದು ಹೊಲಕ್ಕೆ ಹೋಗಿ ಚರಗ (ಭೂಮಿತಾಯಿಗೆ ಅರ್ಪಿಸುವ ಎಡೆ) ಚೆಲ್ಲಿದ್ದನ್ನು ಕುರಿತು ನಾನು ಬರೆದುಕೊಂಡ ಸಾಲುಗಳು ಹೀಗಿವೆ:

“ಎಳ್ಳಮಾಸಿ ದಿನ ನಾವು ಹೊಲಕ್ಕೆ ಹೋದೆವು ಅವ್ವ ಸಜ್ಜೆ ರೊಟ್ಟಿ ಭಜ್ಜಿ ಶೇಂಗಾ ಹೋಳಿಗೆ ಬುಟ್ಟಿಯಲ್ಲಿ ಇಟ್ಟು ತಲೆಯ ಮೇಲೆ ಹೊತ್ತು ನಡೆದಳು ಅಪ್ಪ ಬಂದ ಬಂಡಿ ನಿಂತಿತು ಕಾಕಾ ನೀರು ಎಲ್ಲಿದೆ ಎಂದು ಕೇಳಿದ ನಾನು ಚರಗ ಚೆಲ್ಲಿದೆ ತಮ್ಮ ಇದು ಯಾರಿಗೆ ಎಂದ ಆಯಿ ಭೂಮಿತಾಯಿಗೆ ಎಂದಳು”

ಇದನ್ನು ದೊಡ್ಡ ಅಕ್ಷರಗಳಲ್ಲಿ ಹಾಳೆಯ ಮೇಲೆ ಬರೆದು ಗೋಡೆಗೆ ಅಂಟಿಸಿ. ಮುಂದಿನ ಎರಡು ಮೂರು ತಿಂಗಳ ಪಾಠವೆಲ್ಲ ಈ ಒಂದು ಹಾಳೆಯ ಮೇಲೆಯೇ ನಡೆಯಬಹುದು, ಏಕೆಂದರೆ ಪ್ರತಿ ಹೊಸ ಚಿಹ್ನೆಯೊಡನೆ ಮಕ್ಕಳು ಅದೇ ಸಾಲುಗಳಿಗೆ ಮರಳಿ ಬಂದು ಹೊಸದನ್ನು ಕಾಣುತ್ತಾರೆ.

ಮೊದಲ ಹೆಜ್ಜೆ: ಪುಸ್ತಕ ಮುಚ್ಚಿ ಹೇಳಿಸುವುದು

ಗಟ್ಟಿಯಾಗಿ ಓದಿದರೆ ನಿಲ್ಲಬೇಕಾದ ಜಾಗ ತಾನಾಗಿಯೇ ತಿಳಿಯುತ್ತದೆ ಎಂದು ತರಬೇತಿಗಳಲ್ಲಿ ಹೇಳುತ್ತಾರೆ. ನಮ್ಮ ಮಕ್ಕಳ ವಿಷಯದಲ್ಲಿ ಇದು ಅರ್ಧ ಮಾತ್ರ ನಿಜ. ಅವರು ರಾಗ ಎಳೆದು ಓದುತ್ತಾರೆ, ಮತ್ತು ಆ ರಾಗ ವಾಕ್ಯ ಮುಗಿದಲ್ಲಿ ಇಳಿಯುವುದಿಲ್ಲ, ಸಾಲು ಮುಗಿದಲ್ಲಿ ಇಳಿಯುತ್ತದೆ. ಕಾಪಿಯ ಪ್ರತಿ ಸಾಲಿನ ತುದಿಗೆ ಚುಕ್ಕಿ ಇಡುವ ಅಭ್ಯಾಸದ ಮೂಲವೂ ಇದೇ.

ಆದ್ದರಿಂದ ಮೊದಲು ಕಾಪಿ ಮುಚ್ಚಿಸಿ, ಬರೆದದ್ದನ್ನು ಪಕ್ಕದ ಗೆಳೆಯನಿಗೆ ಬಾಯಲ್ಲಿ ಹೇಳಲು ತಿಳಿಸಬೇಕು. ಹೇಳುವಾಗ ಯಾವ ಮಗುವೂ ರಾಗ ಎಳೆಯುವುದಿಲ್ಲ, ಸಹಜವಾಗಿಯೇ ನಿಂತು ನಿಂತು ಹೇಳುತ್ತದೆ. ಕೇಳುವ ಮಗು, ಮಾತು ನಿಂತಾಗಲೆಲ್ಲ ಡೆಸ್ಕಿನ ಮೇಲೋ ನೆಲದ ಮೇಲೋ ಒಮ್ಮೆ ಬಡಿಯಬೇಕು. ಆಮೇಲೆ ಕಾಪಿ ತೆರೆದು, ಬಡಿದ ಜಾಗಗಳಲ್ಲಿ ಬಣ್ಣದ ಪೆನ್ಸಿಲ್ಲಿನಿಂದ ಚುಕ್ಕಿ ಇಡುವುದು. ಮನೆಯ ಮಾತಿನಲ್ಲಿಯೇ ಹೇಳಲಿ, “ಹೊಲಕ್ಕ ಹೋಗಿದ್ವಿ, ಅವ್ವ ಬುಟ್ಟಿ ಹೊತ್ತಿದ್ಳು” ಎಂದರೂ ವಾಕ್ಯದ ಕೊನೆ ಎಲ್ಲಿದೆಯೋ ಅಲ್ಲಿಯೇ ಇರುತ್ತದೆ.

ಎರಡನೆಯ ಹೆಜ್ಜೆ: ಕ್ರಿಯಾಪದವನ್ನು ಹಿಡಿಯುವುದು

ಕಿವಿಗೆ ಸಿಕ್ಕದ್ದನ್ನು ಈಗ ವ್ಯಾಕರಣದಿಂದ ಗಟ್ಟಿ ಮಾಡಬೇಕು, ಮತ್ತು ಇಲ್ಲಿ ಕನ್ನಡ ನಮಗೆ ತುಂಬ ಅನುಕೂಲಕರವಾದ ಭಾಷೆ. ಕನ್ನಡ ವಾಕ್ಯದಲ್ಲಿ ಸಾಮಾನ್ಯವಾಗಿ ಕ್ರಿಯಾಪದ ಕೊನೆಗೆ ಬರುವುದರಿಂದ, ಪೂರ್ಣಗೊಂಡ ಕ್ರಿಯಾಪದ ಸಿಕ್ಕರೆ ವಾಕ್ಯದ ಕೊನೆಯೂ ಸಿಕ್ಕಂತೆಯೇ. ‘ಹೋದೆವು’, ‘ನಡೆದಳು’, ‘ನಿಂತಿತು’, ‘ಚೆಲ್ಲಿದೆ’ ಇವುಗಳ ಕೆಳಗೆ ಗೆರೆ ಎಳೆಸಿ.

ಮಕ್ಕಳು ಎಡವುವುದು ‘ಇಟ್ಟು’, ‘ಹೊತ್ತು’, ‘ಹೋಗಿ’, ‘ನೋಡುತ್ತ’, ‘ಬಂದಾಗ’, ‘ಬಂದರೆ’ ಎಂಬ ರೂಪಗಳಲ್ಲಿ. ಇವೂ ಕ್ರಿಯೆಯನ್ನೇ ಹೇಳುತ್ತವಾದರೂ ಕ್ರಿಯೆಯನ್ನು ಮುಗಿಸುವುದಿಲ್ಲ. ಇದಕ್ಕೆ ಕೃದಂತ, ಅವ್ಯಯ ಎಂಬ ಹೆಸರುಗಳನ್ನು ಹೇಳಿಕೊಡುವ ಅವಸರ ಬೇಡ. ಬಾಗಿಲ ಪರೀಕ್ಷೆ ಎಂದು ನಾವು ಕರೆಯುವ ಒಂದು ಆಟ ಸಾಕು. ಒಬ್ಬ ಹುಡುಗ ತರಗತಿಯ ಬಾಗಿಲಲ್ಲಿ ನಿಂತು, “ಅವ್ವ ಬುಟ್ಟಿ ತಲೆಯ ಮೇಲೆ ಹೊತ್ತು” ಎಂದು ಹೇಳಿ ಹೊರಗೆ ಹೋಗಿಬಿಡಬೇಕು. ಒಳಗಿದ್ದವರು “ಹೊತ್ತು? ಆಮೇಲೆ ಏನಾಯ್ತು?” ಎಂದು ಕೇಳುವಂತಿದ್ದರೆ ಅಲ್ಲಿ ಚುಕ್ಕಿ ಇಡುವಂತಿಲ್ಲ. “ಹೊತ್ತು ನಡೆದಳು” ಎಂದು ಹೇಳಿ ಹೋದರೆ ಯಾರೂ ಅವನನ್ನು ಹಿಂದಕ್ಕೆ ಕರೆಯುವುದಿಲ್ಲ, ಅಲ್ಲಿ ಚುಕ್ಕಿ ಇಡಬಹುದು.

ಈ ಸೂತ್ರಕ್ಕೆ ಹೊರತಾದ ವಾಕ್ಯಗಳೂ ಇವೆ. “ನಮ್ಮ ತಾಲ್ಲೂಕು ಚಿತ್ತಾಪುರ” ಎಂಬಲ್ಲಿ ಕ್ರಿಯಾಪದವೇ ಇಲ್ಲ, ಆದರೂ ವಾಕ್ಯ ಪೂರ್ಣವಾಗಿದೆ. ಬಾಗಿಲ ಪರೀಕ್ಷೆಯಲ್ಲಿ ಇದು ತಾನಾಗಿಯೇ ಗೆಲ್ಲುತ್ತದೆ; ಹಾಗಾಗಿ ಗೆರೆ ಎಳೆಯುವುದು, ಬಾಗಿಲಲ್ಲಿ ನಿಂತು ಹೇಳುವುದು ಎರಡೂ ಜೊತೆಗೇ ನಡೆಯಬೇಕು. ‘ಡಾ.’, ‘ಕಿ.ಮೀ.’ ಎಂಬ ಸಂಕ್ಷೇಪಗಳ ಪಕ್ಕದ ಚುಕ್ಕಿ ವಾಕ್ಯವನ್ನು ಮುಗಿಸುವುದಿಲ್ಲ ಎಂಬುದನ್ನು ಎದುರಿಗೆ ಬಂದಾಗ ಹೇಳಿದರೆ ಸಾಕು.

ಮೂರನೆಯ ಹೆಜ್ಜೆ: ಚುಕ್ಕಿ ಅರ್ಥವನ್ನು ಬದಲಿಸುವುದನ್ನು ಕಣ್ಣಾರೆ ಕಾಣಿಸುವುದು

ಒಂದು ಇಡೀ ಅವಧಿಯನ್ನು ಇದಕ್ಕೆ ಕೊಡಿ. ಉಳಿದ ಹೆಜ್ಜೆಗಳಲ್ಲಿ ಮಗು ನಿಯಮವನ್ನು ಪಾಲಿಸುತ್ತದೆ. ಚಿಹ್ನೆ ತನಗೆ ಏಕೆ ಬೇಕು ಎಂಬುದು ಅದಕ್ಕೆ ತಿಳಿಯುವುದು ಇಲ್ಲಿಯೇ.

ಗೋಡೆಯ ಹಾಳೆಯಲ್ಲಿ “ಅಪ್ಪ ಬಂದ ಬಂಡಿ ನಿಂತಿತು” ಎಂದಿದೆ. ಒಬ್ಬನನ್ನು ಕರೆದು, ನೀನು ಚುಕ್ಕಿ ಎಲ್ಲಿಡುತ್ತೀಯ ಎಂದು ಕೇಳಿ. ‘ಬಂದ’ ಎಂಬುದರ ಮುಂದೆ ಇಟ್ಟರೆ, ಅಪ್ಪ ಬಂದ, ಅತ್ತ ಬಂಡಿಯೂ ನಿಂತಿತು. ಅಪ್ಪ ನಡೆದೇ ಬಂದಿರಬಹುದು. ಅಲ್ಲಿ ಇಡದೆ ‘ನಿಂತಿತು’ ಎಂಬಲ್ಲಿ ಮಾತ್ರ ಇಟ್ಟರೆ, ಅಪ್ಪ ಬಂದದ್ದು ಆ ಬಂಡಿಯಲ್ಲಿಯೇ. ‘ಬಂದ’, ‘ತಂದ’, ‘ಕೊಟ್ಟ’ ಎಂಬ ರೂಪಗಳು ವಾಕ್ಯವನ್ನು ಮುಗಿಸಲೂ ಬಲ್ಲವು, ಮುಂದಿನ ನಾಮಪದಕ್ಕೆ ವಿಶೇಷಣವಾಗಿ ಅಂಟಿಕೊಳ್ಳಲೂ ಬಲ್ಲವು. ಎರಡರಲ್ಲಿ ಯಾವುದು ಎಂದು ಹೇಳಬಲ್ಲದ್ದು ಚುಕ್ಕಿಯೊಂದೇ. ‘ಬಂದನು’ ಎಂದು ಬರೆದರೆ ಈ ಗೊಂದಲ ಇರುವುದಿಲ್ಲ, ಆದರೆ ಮಕ್ಕಳು ಮಾತಿನಲ್ಲಿ ಇರುವಂತೆಯೇ ಬರೆಯುತ್ತಾರೆ ಮತ್ತು ಬರೆಯಲಿ.

ಹಾಳೆಯಲ್ಲಿರುವ ಮುಂದಿನ ಗಂಟು ಇನ್ನೂ ಸೊಗಸಾಗಿದೆ. “ಕಾಕಾ ನೀರು ಎಲ್ಲಿದೆ ಎಂದು ಕೇಳಿದ” ಎಂಬಲ್ಲಿ ನೀರು ಕೇಳಿದವರು ಯಾರು? ಕಾಕಾನೇ ಕೇಳಿದನೋ, ಅಥವಾ ಅಪ್ಪ ‘ಕಾಕಾ’ ಎಂದು ಯಾರನ್ನೋ ಕರೆದು ಕೇಳಿದನೋ? ‘ಕಾಕಾ’ ಎಂಬ ಪದದಿಂದಲೇ ಉದ್ಧರಣ ಚಿಹ್ನೆ ಆರಂಭಿಸಿ, ಆ ಪದದ ನಂತರ ಒಂದು ಅಲ್ಪವಿರಾಮ ಇಟ್ಟರೆ, “ಕಾಕಾ, ನೀರು ಎಲ್ಲಿದೆ?” ಎಂದು ಇನ್ನೊಬ್ಬರು ಕೇಳಿದಂತಾಗುತ್ತದೆ. ಇದನ್ನು ಮಕ್ಕಳಿಂದ ಅಭಿನಯ ಮಾಡಿಸಬೇಕು. ಒಬ್ಬ ಕಾಕಾ, ಒಬ್ಬ ಅಪ್ಪ, ನಡುವೆ ನೀರಿನ ಬಿಂದಿಗೆ. ಚಿಹ್ನೆ ಬದಲಾದಾಗಲೆಲ್ಲ ಮಾತನಾಡುವವನು ಬದಲಾಗುತ್ತಾನೆ.

ಮನೆಗೆಲಸಕ್ಕೆ “ಕಾಕಾ ತಂದ ಪೇರಲಹಣ್ಣು ಕೊಡು” ಎಂಬ ಸಾಲನ್ನು ಕೊಟ್ಟು, ಚಿಹ್ನೆಗಳಿಂದ ಎಷ್ಟು ಅರ್ಥ ಬರಿಸಬಹುದು ಎಂದು ಕೇಳಿ. ಚಿಹ್ನೆಯಿಲ್ಲದೆ ಓದಿದರೆ ಕಾಕಾ ತಂದಿಟ್ಟ ಹಣ್ಣನ್ನು ಯಾರನ್ನೋ ಕೇಳಿದಂತೆ. ‘ಕಾಕಾ’ ಎಂಬುದರ ಮುಂದೆ ಅಲ್ಪವಿರಾಮ ಬಂದರೆ ಕಾಕಾನನ್ನೇ ಹಣ್ಣು ಕೇಳಿದಂತೆ. ‘ತಂದ’ ಎಂಬಲ್ಲಿ ಪೂರ್ಣವಿರಾಮ ಬಂದರೆ, ಕಾಕಾ ಏನನ್ನೋ ತಂದಾಯಿತು, ಈಗ ಹಣ್ಣು ಕೊಡು ಎಂದಂತೆ. ಇಂಥ ಸಾಲುಗಳನ್ನು ಮಕ್ಕಳು ತಾವೇ ಕಟ್ಟಿಕೊಂಡು ಬರತೊಡಗಿದರೆ ಪಾಠ ಹತ್ತಿತೆಂದೇ ಅರ್ಥ.

ನಾಲ್ಕನೆಯ ಹೆಜ್ಜೆ: ಪ್ರಶ್ನೆ

‘ಏನು’, ‘ಎಲ್ಲಿ’, ‘ಯಾವಾಗ’, ‘ಯಾರು’ ಎಂಬ ಪದ ಕಂಡ ಕೂಡಲೇ ಪ್ರಶ್ನಾರ್ಥಕ ಚಿಹ್ನೆ ಇಡುವುದು ಮಕ್ಕಳ ಸಾಮಾನ್ಯ ತಪ್ಪು. “ಅಪ್ಪ ಯಾವಾಗ ಬರುತ್ತಾನೋ ಗೊತ್ತಿಲ್ಲ” ಎಂಬುದು ಪ್ರಶ್ನೆಯಲ್ಲ, ಹೇಳಿಕೆ. ಪ್ರತಿಯಾಗಿ, “ಊಟ ಆಯಿತಾ” ಎಂಬಲ್ಲಿ ಪ್ರಶ್ನೆಯ ಪದವೇ ಇಲ್ಲದಿದ್ದರೂ ಕೊನೆಯ ‘ಆ’ ಸ್ವರವೇ ಪ್ರಶ್ನೆಯಾಗಿದೆ. ಈ ಮಾತಿಗೆ ಎದುರಿನವರು ಉತ್ತರ ಕೊಡಬೇಕೇ, ಬೇಡವೇ ಎಂದು ಮಗು ತನ್ನನ್ನು ತಾನೇ ಕೇಳಿಕೊಳ್ಳಲಿ. ಉತ್ತರ ಬೇಕಾದಲ್ಲಿ ಮಾತ್ರ ಆ ಚಿಹ್ನೆ.

ಐದನೆಯ ಹೆಜ್ಜೆ: ಅಲ್ಪವಿರಾಮ ಮತ್ತು ಆಡಿದ ಮಾತು

ಅಲ್ಪವಿರಾಮವನ್ನು ಎರಡೇ ಜಾಗಗಳಿಗೆ ಸೀಮಿತಗೊಳಿಸಿ ಕಲಿಸುವುದು ಒಳ್ಳೆಯದು: ಒಂದು, ಯಾರನ್ನಾದರೂ ಕರೆದ ನಂತರ, ಇನ್ನೊಂದು, ಸಾಲಾಗಿ ಹೇಳುವ ವಸ್ತುಗಳ ನಡುವೆ. ಹಾಳೆಯಲ್ಲಿರುವ ‘ಸಜ್ಜೆ ರೊಟ್ಟಿ, ಭಜ್ಜಿ, ಶೇಂಗಾ ಹೋಳಿಗೆ’ ಎಂಬ ಪಟ್ಟಿಯಲ್ಲಿ ಕೆಲವು ಮಕ್ಕಳು ‘ಶೇಂಗಾ’ ಎಂಬುದರ ಮುಂದೆಯೂ ಅಲ್ಪವಿರಾಮ ಇಡುತ್ತಾರೆ. ಬುಟ್ಟಿಯಲ್ಲಿ ಎಷ್ಟು ಪದಾರ್ಥ ಇವೆ ಎಂದು ಬೆರಳು ಮಡಿಸಿ ಎಣಿಸಲು ಹೇಳಿದರೆ ತಪ್ಪು ತಾನಾಗಿಯೇ ಸರಿಹೋಗುತ್ತದೆ. ಈ ಎರಡನ್ನು ಬಿಟ್ಟು ಉಳಿದ ಜಾಗಗಳಲ್ಲಿ ಮಗು ಅಲ್ಪವಿರಾಮ ಬಿಟ್ಟರೂ ಇಟ್ಟರೂ ನಾನು ಈ ತರಗತಿಗಳಲ್ಲಿ ಎಣಿಸುವುದಿಲ್ಲ.

ಆಡಿದ ಮಾತಿಗೆ ಉದ್ಧರಣ ಚಿಹ್ನೆ ಹಾಕಿಸುವಾಗ ‘ಎಂದ’, ‘ಎಂದಳು’, ‘ಎಂದು ಕೇಳಿದ’ ಎಂಬ ಪದಗಳನ್ನು ಮೊದಲು ಹುಡುಕಿಸಿ, ಅಲ್ಲಿಂದ ಹಿಂದಕ್ಕೆ ಹೋಗಿ ಮಾತು ಆರಂಭವಾದ ಜಾಗವನ್ನು ಹಿಡಿಯಲು ಹೇಳಬೇಕು. ಚಿಹ್ನೆಯ ಒಳಗೆ ಬರುವುದು ಬಾಯಿಂದ ಬಂದ ಮಾತು ಮಾತ್ರ. ಇಲ್ಲಿ ಶಿಕ್ಷಕರು ಒಂದು ಎಚ್ಚರ ವಹಿಸಬೇಕೆಂದು ಕಳಕಳಿಯಿಂದ ಕೇಳಿಕೊಳ್ಳುತ್ತೇನೆ. ಮಗು, “ಅವ್ವ, ‘ಲಗೂ ಬಾ, ಬಂಡಿ ಹೊಂಟದ’ ಎಂದಳು” ಎಂದು ಬರೆದರೆ, ಒಳಗಿನ ಮಾತನ್ನು ‘ಬೇಗ ಬಾ, ಬಂಡಿ ಹೊರಟಿದೆ’ ಎಂದು ತಿದ್ದಬಾರದು. ಅದು ಅವ್ವನ ಮಾತು, ಅವಳು ಆಡಿದಂತೆಯೇ ಉಳಿಯಬೇಕು. ಉದ್ಧರಣ ಚಿಹ್ನೆ ಇರುವುದೇ ಅದಕ್ಕೆ. ಕಲಬುರಗಿ, ಬೀದರ್, ಯಾದಗಿರಿಯ ಮನೆಮಾತಿಗೆ ಶಾಲೆಯ ಕಾಪಿಯಲ್ಲಿ ತಪ್ಪಿಲ್ಲದೆ ಕೂರಲು ಸಿಗುವ ಜಾಗ ಇದು.

ಇಂಗ್ಲಿಷ್ ಕಾಪಿ: ದೊಡ್ಡಕ್ಷರದ ಪ್ರಶ್ನೆ

ಕರ್ನಾಟಕದಲ್ಲಿ 2007-08ರಿಂದ ಇಂಗ್ಲಿಷನ್ನು ಒಂದನೆಯ ತರಗತಿಯಿಂದಲೇ ಒಂದು ವಿಷಯವಾಗಿ ಕಲಿಸಲಾಗುತ್ತಿದೆ. ಅಲ್ಲಿ ನಮ್ಮ ಮಕ್ಕಳಿಗೆ ಎದುರಾಗುವ ಹೊಸ ಸಂಗತಿಯೆಂದರೆ ಒಂದೇ ಅಕ್ಷರಕ್ಕೆ ದೊಡ್ಡದು, ಚಿಕ್ಕದು ಎಂಬ ಎರಡು ರೂಪ ಇರುವುದು. ಕನ್ನಡದಲ್ಲಿ ಇದಿಲ್ಲ, ನಮ್ಮ ತರಗತಿಗಳಲ್ಲಿರುವ ಮಕ್ಕಳ ಮನೆಯಲ್ಲಿ ಕಾಣುವ ಉರ್ದು, ಮರಾಠಿ, ತೆಲುಗು ಬರಹಗಳಲ್ಲಿಯೂ ಇಲ್ಲ. ಉರ್ದು ಬಲ್ಲ ಮಗುವಿಗೆ ಇನ್ನೊಂದು ತೊಡಕಿದೆ: ಅಲ್ಲಿ ಬಲದಿಂದ ಎಡಕ್ಕೆ ಬರೆಯುತ್ತಾರೆ, ವಾಕ್ಯದ ಕೊನೆಗೆ ಚುಕ್ಕಿಯ ಬದಲು ಚಿಕ್ಕ ಅಡ್ಡಗೆರೆ ಬರುತ್ತದೆ, ಪ್ರಶ್ನಾರ್ಥಕ ಚಿಹ್ನೆ ಎದುರು ದಿಕ್ಕಿಗೆ ತಿರುಗಿರುತ್ತದೆ. ಆರನೆಯ ತರಗತಿಗೆ ಹೋದಾಗ ಹಿಂದಿಯ ನಿಲುಗೆರೆಯೂ ಸೇರಿಕೊಳ್ಳುತ್ತದೆ. ಅಂಥ ಮಗುವಿನ ಕಾಪಿಯಲ್ಲಿ ಅಡ್ಡಗೆರೆ ಕಂಡರೆ ಅದು ಅಜಾಗರೂಕತೆಯಲ್ಲ, ಇನ್ನೊಂದು ಲಿಪಿಯ ಸರಿಯಾದ ತಿಳಿವಳಿಕೆ ಎಂದು ಮೊದಲು ಮೆಚ್ಚಿ, ಆಮೇಲೆ ಬೇರೆ ಮಾಡಿ ತೋರಿಸಬೇಕು.

ದೊಡ್ಡಕ್ಷರವನ್ನು ಕಲಿಸಲು ಕನ್ನಡ ವ್ಯಾಕರಣದಲ್ಲಿಯೇ ಒಂದು ಸೇತುವೆ ಇದೆ. ‘ನದಿ’ ರೂಢನಾಮ, ‘ಭೀಮಾ’ ಅಂಕಿತನಾಮ. ‘ಊರು’ ರೂಢನಾಮ, ‘ಶಹಾಪುರ’ ಅಂಕಿತನಾಮ. ‘ಹುಡುಗಿ’ ರೂಢನಾಮ, ‘ಸಾವಿತ್ರಿ’ ಅಂಕಿತನಾಮ. ಇಂಗ್ಲಿಷಿನಲ್ಲಿ ಅಂಕಿತನಾಮದ ಮೊದಲ ಅಕ್ಷರ ದೊಡ್ಡದು. ವಾರಗಳ, ತಿಂಗಳುಗಳ ಹೆಸರನ್ನೂ ಆ ಭಾಷೆ ಹಾಗೆಯೇ ಬರೆಯುತ್ತದೆ, ಆದರೆ ಬೇಸಿಗೆ, ಚಳಿಗಾಲಗಳಂಥ ಋತುಗಳ ಹೆಸರನ್ನಲ್ಲ. ಇದಕ್ಕೆ ಎರಡು ನಿಯಮ ಸೇರಿಸಿದರೆ ಪ್ರಾಥಮಿಕ ಹಂತಕ್ಕೆ ಸಾಕು: ವಾಕ್ಯದ ಮೊದಲ ಅಕ್ಷರ ದೊಡ್ಡದು, ‘ನಾನು’ ಎಂಬ ಅರ್ಥದ ‘ಐ’ ವಾಕ್ಯದಲ್ಲಿ ಎಲ್ಲಿ ಬಂದರೂ ದೊಡ್ಡದು.

ತಿದ್ದುವಾಗ ಈ ಮೂರನ್ನು ಮೂರು ಬೇರೆ ಬೇರೆ ಸುತ್ತುಗಳಲ್ಲಿ ಹುಡುಕಿಸಿ. ಮೊದಲ ಸುತ್ತಿನಲ್ಲಿ ಪ್ರತಿ ಚುಕ್ಕಿಯ ಮೇಲೆ ಬೆರಳಿಟ್ಟು ಮುಂದಿನ ಅಕ್ಷರ ನೋಡುವುದು, ಎರಡನೆಯದರಲ್ಲಿ ಹೆಸರುಗಳು, ಮೂರನೆಯದರಲ್ಲಿ ‘ಐ’. ನಾಲ್ಕು ಗೆರೆಯ ಕಾಪಿಯನ್ನೇ ಬಳಸಬೇಕು. ಸಿ, ಓ, ಎಸ್, ವಿ, ಡಬ್ಲ್ಯೂ, ಎಕ್ಸ್, ಝಡ್ ಎಂಬ ಏಳು ಅಕ್ಷರಗಳಿಗೆ ಎರಡೂ ರೂಪಗಳ ಆಕಾರ ಒಂದೇ, ಅಳತೆ ಮಾತ್ರ ಬೇರೆ. ಗೆರೆಗಳಿಲ್ಲದ ಹಾಳೆಯಲ್ಲಿ ಮಗು ಯಾವುದನ್ನು ಬರೆದಿದೆ ಎಂದು ಶಿಕ್ಷಕರಿಗೂ ತಿಳಿಯುವುದಿಲ್ಲ.

ಪದದ ನಡುವೆ ದೊಡ್ಡಕ್ಷರ ಬಂದರೆ ತಪ್ಪು ಎಂದು ಗುರುತು ಹಾಕುವ ಮೊದಲು ಕಾರಣ ಕೇಳಿ. ಚಿಕ್ಕ ‘ಬಿ’ ಮತ್ತು ಚಿಕ್ಕ ‘ಡಿ’ ಕನ್ನಡಿಯಲ್ಲಿ ಕಂಡಂತೆ ಒಂದಕ್ಕೊಂದು ತಿರುವುಮುರುವು. ದೊಡ್ಡ ರೂಪಗಳಲ್ಲಿ ಆ ಗೊಂದಲ ಇಲ್ಲವಾದ್ದರಿಂದ ಅನೇಕ ಮಕ್ಕಳು ಸುರಕ್ಷಿತವೆಂದು ಎಲ್ಲ ಕಡೆ ದೊಡ್ಡದನ್ನೇ ಬರೆಯುತ್ತಾರೆ. ‘ಬೀದರ್’ ಎಂಬ ಹೆಸರನ್ನು ಇಂಗ್ಲಿಷಿನಲ್ಲಿ ಬರೆಸಿ ನೋಡಿ: ಮೊದಲ ‘ಬಿ’ ದೊಡ್ಡದಿರಬೇಕು, ನಡುವಿನ ‘ಡಿ’ ಚಿಕ್ಕದಿರಬೇಕು. ನಡುವಿನದನ್ನೂ ದೊಡ್ಡದಾಗಿ ಬರೆದ ಮಗುವಿಗೆ ಬೇಕಾದದ್ದು ದೊಡ್ಡಕ್ಷರದ ನಿಯಮವಲ್ಲ, ಚಿಕ್ಕ ‘ಡಿ’ಯನ್ನು ಬರೆಯುವ ಅಭ್ಯಾಸ.

ಶಿಕ್ಷಕರು ತಿದ್ದುವ ಬಗೆ

ಬಿಟ್ಟ ಚಿಹ್ನೆಯ ಜಾಗದಲ್ಲಿ ಶಿಕ್ಷಕರು ಏನನ್ನೂ ಬರೆಯಬಾರದು. ಆ ಸಾಲಿನ ಎಡಬದಿಯ ಖಾಲಿ ಜಾಗದಲ್ಲಿ, ಎಷ್ಟು ಚಿಹ್ನೆ ಬಿಟ್ಟುಹೋಗಿವೆಯೋ ಅಷ್ಟು ಚಿಕ್ಕ ಗೀಟು ಎಳೆದರೆ ಸಾಕು. ಎರಡು ಗೀಟು ಕಂಡ ಮಗು ಆ ಸಾಲಿನಲ್ಲಿ ಎರಡನ್ನು ತಾನೇ ಹುಡುಕುತ್ತದೆ. ಕೆಲವು ವಾರಗಳ ನಂತರ ಗೀಟುಗಳನ್ನು ಸಾಲಿನ ಬದಿಗೆ ಹಾಕದೆ, ಪುಟದ ಕೆಳಗೆ ಒಟ್ಟು ಸಂಖ್ಯೆಯನ್ನಷ್ಟೇ ಬರೆಯಬಹುದು. ಮತ್ತೂ ಮುಂದೆ ಅದನ್ನೂ ಬಿಡಬೇಕು. ಅಂದು ಕಲಿಸುತ್ತಿರುವ ಚಿಹ್ನೆಯನ್ನು ಬಿಟ್ಟು ಬೇರಾವುದಕ್ಕೂ ಗೀಟು ಹಾಕದಿರುವುದು ಕಷ್ಟದ ಸಂಯಮ. ಕಣ್ಣಿಗೆ ಹತ್ತು ತಪ್ಪು ಕಾಣುತ್ತಿರುವಾಗ ಒಂದನ್ನು ಮಾತ್ರ ಗುರುತಿಸಲು ನನಗೂ ಬಹಳ ದಿನ ಬೇಕಾಯಿತು.

ಜೋಡಿಯಾಗಿ ತಿದ್ದುವಾಗಲೂ ಇದೇ ನಿಯಮ: ಗೆಳೆಯನ ಕಾಪಿಯಲ್ಲಿ ಗೀಟು ಎಳೆಯಬಹುದು, ಚುಕ್ಕಿ ಇಡುವಂತಿಲ್ಲ. ಜಾಣ ಮಗುವನ್ನು ಸದಾ ಹಿಂದುಳಿದ ಮಗುವಿನೊಡನೆ ಕೂರಿಸಿದರೆ ಒಬ್ಬರು ತಿದ್ದುವವರು, ಇನ್ನೊಬ್ಬರು ತಿದ್ದಿಸಿಕೊಳ್ಳುವವರು ಆಗಿಬಿಡುತ್ತಾರೆ. ಹಾಗಾಗಿ ವಾರವಾರ ಜೋಡಿ ಬದಲಿಸಿ.

ಜೂನ್ ತಿಂಗಳಲ್ಲಿ ಪ್ರತಿ ಮಗು ಬರೆದ ಮೊದಲ ಪುಟವನ್ನು ತಿದ್ದದೆ ತೆಗೆದಿಟ್ಟುಕೊಂಡು, ದಸರಾ ರಜೆಯ ನಂತರ ಅದನ್ನೇ ಹಿಂದಿರುಗಿಸಿ ತಿದ್ದಲು ಹೇಳಿ. ಎಷ್ಟು ಅಂಕ ಬಂತು ಎಂದು ಹೇಳುವುದಕ್ಕಿಂತ ಇದು ಮಗುವಿಗೆ ಹೆಚ್ಚು ತಿಳಿಯುತ್ತದೆ.

ಕೊನೆಯ ಹೆಜ್ಜೆ: ಗೋಡೆ ಪತ್ರಿಕೆ

ಶಿಕ್ಷಕರು ಮಾತ್ರ ಓದುವ ಬರಹವನ್ನು ಮಗು ಎಚ್ಚರದಿಂದ ತಿದ್ದುವುದಿಲ್ಲ, ಓದುವವರು ಬೇರೆಯವರಾಗಿರಬೇಕು. ತಿಂಗಳಿಗೊಮ್ಮೆ ಶಾಲೆಯ ಪಡಸಾಲೆಯಲ್ಲಿ ಗೋಡೆ ಪತ್ರಿಕೆ ಹಚ್ಚಿ. ಶರಣಬಸವೇಶ್ವರರ ಜಾತ್ರೆ, ತೊಗರಿ ರಾಶಿ, ಬಸ್ಸು ತಪ್ಪಿದ ದಿನ, ಮನೆಯ ಆಡು ಮರಿ ಹಾಕಿದ್ದು, ಹೀಗೆ ಯಾವುದನ್ನು ಬೇಕಾದರೂ ಮಕ್ಕಳು ಬರೆಯಲಿ. ಹಚ್ಚುವ ಮುನ್ನ ಪ್ರತಿ ಬರಹವನ್ನು ಬರೆದ ಮಗುವಲ್ಲದೆ ಇನ್ನಿಬ್ಬರು ಓದಿ, ಹಾಳೆಯ ಹಿಂಬದಿಯಲ್ಲಿ ತಮ್ಮ ಹೆಸರು ಬರೆಯಬೇಕು. ಪತ್ರಿಕೆಯ ಪಕ್ಕದಲ್ಲಿ ಒಂದು ಪೆನ್ಸಿಲ್ಲನ್ನು ದಾರದಿಂದ ಕಟ್ಟಿ ತೂಗುಹಾಕಿ, ಓದಿದ ಯಾರೇ ಆದರೂ ಬಿಟ್ಟುಹೋದ ಚಿಹ್ನೆ ಕಂಡರೆ ಸಾಲಿನ ಬದಿಗೆ ಗೀಟು ಎಳೆಯಬಹುದು ಎಂದು ತಿಳಿಸಿ. ಬಿಸಿಯೂಟದ ನಂತರ ಬರೆದವರೇ ಬಂದು, ತಮ್ಮ ಹೆಸರಿನ ಹಾಳೆಯ ಮುಂದೆ ನಿಂತು, ಗೀಟು ಇದ್ದಲ್ಲಿ ಓದಿ ನೋಡಿ, ಚುಕ್ಕಿಯನ್ನು ತಮ್ಮ ಕೈಯಿಂದಲೇ ಇಡುತ್ತಾರೆ.